ಕೊಟ್ಟ ಮಾತನ್ನು ವಾಪಸು ಪಡೆದ ಬೆಳಿಗ್ಗೆ

೧೯೭೬ರ ಡಿಸೆಂಬರ್. ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ನಾನಾಗ ಬೆಂಗಳೂರಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೆ. ನಮ್ಮದು ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಅಲ್ಲಿನ ಗೌಡರೊಬ್ಬರು ದನದ ಕೊಟ್ಟಿಗೆ ಕೆಡವಿ ಕಟ್ಟಿಸಿದ್ದ ಸಾಲುಮನೆಗಳಲ್ಲಿ ಕೊನೆಯದು. ಅಪ್ಪ ಪೀಣ್ಯದ ಹತ್ತಿರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ನಾವು ಕ್ರೈಸ್ತರು. ಚರ್ಚು ದೂರವಿದ್ದುದರಿಂದ ಎಷ್ಟೋ ಭಾನುವಾರ ಅಪ್ಪನೇ ಅಕ್ಕಪಕ್ಕದ ಒಂದೆರಡು ಕುಟುಂಬಗಳನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದರು. ಎಲ್ಲರೂ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸಬೇಕು. ನನ್ನ ಸರದಿ ಬಂದಾಗ ಗಂಟಲು ಕಟ್ಟುತ್ತಿತ್ತು. "ಮನಸ್ಸಲ್ಲೇ ಮಾಡ್ಕೊಂಡೆ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ನಾಲ್ಕು ಜನರ ಎದುರು ಮಾತನಾಡುವುದೆಂದರೆ ನನಗೆ ಅಷ್ಟು ಭಯ.

ಅಂಥವಳು ಕಾಲೇಜಿನ ಗ್ರಾಮಸೇವಾ ಶಿಬಿರಕ್ಕೆ ನಾಯಕಿಯಾದದ್ದು ಹುಡುಗರ ತಮಾಷೆಯಿಂದ. ಶಿಬಿರದ ಲೀಡರ್ ಯಾರಾಗುತ್ತೀರಿ ಎಂದು ಮೇಷ್ಟ್ರು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಕರುಣಾ, ಸಾರ್!" ಎಂದರು. ತರಗತಿಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಒಳ್ಳೇದು. ಕರುಣಾನೇ ಲೀಡರ್" ಎಂದುಬಿಟ್ಟರು. ಇವರು ರಂಗನಾಥ ಮೇಷ್ಟ್ರು, ನಮಗೆ ಅರ್ಥಶಾಸ್ತ್ರ ಹೇಳುತ್ತಿದ್ದವರು. ಚಳಿಗಾಲವಿಡೀ ಅದೇ ಕಂದು ಸ್ವೆಟರು, ಅದೇ ಶೀತ, ಅದೇ ಕರವಸ್ತ್ರ. ಯಾರನ್ನೂ ಗದರಿಸದ ಮನುಷ್ಯ. ಮನೆಗೆ ಬಂದು ಹೇಳಿದರೆ ಅಮ್ಮ, "ನಿನ್ನನ್ನಾ?" ಎಂದರು. ಅಪ್ಪ ಮಾತ್ರ, "ದೇವರು ಒಂದು ಕೆಲಸಕ್ಕೆ ಕರೆಯೋವಾಗ ನಿನ್ನ ಗಂಟಲು ನೋಡೋದಿಲ್ಲ ಮಗಳೇ" ಎಂದರು.

ಚಿಕ್ಕಬಾಣಾವರ ಸ್ಟೇಷನ್ನಿನಲ್ಲಿ ರೈಲು ಇಳಿದು, ಕೆರೆ ಏರಿ ದಾಟಿ, ರಾಗಿ ಹೊಲಗಳ ನಡುವೆ ಸ್ವಲ್ಪ ನಡೆದರೆ ಆ ಊರು. ಹೆಸರು ಬೇಡ ಬಿಡಿ. ಒಂದು ಕಡೆ ಇನ್ನೂ ಹೊಲ, ಮತ್ತೊಂದು ಕಡೆ ದೂರದಲ್ಲಿ ಪೀಣ್ಯದ ಹೊಸ ಕಾರ್ಖಾನೆ ಶೆಡ್ಡುಗಳ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಊರಿಂದ ಸ್ಟೇಷನ್ನಿನ ಕಡೆಗೆ ಗಾಡಿ ಹೋಗುವಷ್ಟು ಅಗಲದ ರಸ್ತೆ ಮಾಡಿಕೊಡುವುದು ನಮ್ಮ ಶಿಬಿರದ ಕೆಲಸ. ನಾವು ಹೆಗಲಿಗೆ ಗುದ್ದಲಿ ಏರಿಸಿಕೊಂಡು ಹಾಡು ಹೇಳುತ್ತಾ ಊರೊಳಗೆ ನಡೆದೆವು. ಜನ ಹೊರಗೆ ಬಂದು ನೋಡುತ್ತಾರೆ ಎಂದುಕೊಂಡಿದ್ದೆವು. ಆದದ್ದು ಬೇರೆ. ನಾವು ಮುಂದೆ ಮುಂದೆ ನಡೆದಂತೆ ಬೀದಿಯಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಯಿತು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ನಮ್ಮ ಹಾಡು ತಾನಾಗಿ ನಿಂತುಹೋಯಿತು.

ಊರ ಶಾಲೆಯಲ್ಲಿ ನಮ್ಮ ವಾಸ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಶಾಲೆಯ ಬಾವಿಯ ಹಗ್ಗ ಇಲ್ಲ. ಹೊರಗೆ ಇಟ್ಟಿದ್ದ ಒಂದೆರಡು ಗುದ್ದಲಿ ಕೆರೆಯ ಕೆಸರಿನಲ್ಲಿ ಸಿಕ್ಕವು. ಇದೆಲ್ಲದರ ಜೊತೆಗೆ, ಶಾಲೆಯ ಎದುರಿನ ಹುಣಸೆಮರದ ಕೆಳಗೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಿದ್ದ. ತಲೆಗೆ ಟವೆಲು ಸುತ್ತಿ, ಅದರ ತುದಿಯಿಂದ ಆಗಾಗ ಮುಖ ಒರೆಸಿಕೊಳ್ಳುತ್ತಾ ನಮ್ಮನ್ನೇ ದಿಟ್ಟಿಸುತ್ತಿದ್ದ. ಅವನ ಕಣ್ಣುಗಳು ಕೆಂಡದ ಹಾಗೆ ಕೆಂಪಗಿದ್ದವು.

"ಬೆಳಿಗ್ಗೇನೇ ಕುಡಿದಿರ್ತಾನೆ ಕಣೇ" ಎಂದಳು ನನ್ನ ಗೆಳತಿ ವಿಮಲ. "ಹಗ್ಗ ಕದ್ದಿದ್ದು ಇವನೇ. ಬರ್ದಿಟ್ಕೋ."

ನನಗೂ ಹಾಗೇ ಅನ್ನಿಸಿತು. ಹುಡುಗಿಯರು ಕೆರೆಯ ಕಡೆ ಹೋಗುವಾಗ ಗುಂಪಾಗಿಯೇ ಹೋಗಬೇಕೆಂದು ಹೇಳಿದೆ. ಅದು ಲೀಡರಾಗಿ ನಾನು ಕೊಟ್ಟ ಮೊದಲ ಅಪ್ಪಣೆ.

ಹಗ್ಗವಿಲ್ಲದೆ ನೀರಿಲ್ಲ. ಊರೊಳಗೆ ಹೋಗಿ ಕೇಳಲೇಬೇಕು. ಹುಡುಗರು, "ಲೀಡರಮ್ಮ ಹೋಗ್ಲಿ" ಎಂದು ನಕ್ಕರು. ಒಬ್ಬಳೇ ಹೊರಟೆ. ಊರಂಚಿನ ಕಣದಲ್ಲಿ ಒಬ್ಬ ಮುದುಕಿ ರಾಗಿ ತೂರುತ್ತಿದ್ದರು. ಊರವರೆಲ್ಲ ಗೌರಜ್ಜಿ ಎಂದು ಕರೆಯುತ್ತಿದ್ದವರು ಅವರೇ. ಹಗ್ಗದ ವಿಚಾರ ಎತ್ತಿದ ಕೂಡಲೇ ಮೊರ ಕೆಳಗಿಟ್ಟರು.

"ನಾನೇ ಬಿಚ್ಚಿಸ್ದೆ. ಏನೀಗ?"

"ಯಾಕಜ್ಜಿ?"

"ನೀವು ಬಾವಿಗೆ ಔಸ್ದಿ ಆಕ್ಬಿಟ್ರೆ? ಆ ನೀರು ಕುಡುದ್ರೆ ಮಕ್ಳಾಗಕ್ಕಿಲ್ವಂತೆ."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಆ ದಿನಗಳಲ್ಲಿ ಹಳ್ಳಿಗಳಿಗೆ ಜೀಪು ಬಂದರೆ ಗಂಡಸರು ಹೊಲದಲ್ಲಿ ಅಡಗಿ ಕೂರುತ್ತಿದ್ದರು. ಸಂತಾನಹರಣ ಆಪರೇಷನ್ನಿಗೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಮಾತು ಎಲ್ಲ ಕಡೆ ಇತ್ತು. ಕೆಲವು ನಿಜ, ಕೆಲವು ಗಾಳಿಮಾತು. ಯಾವುದು ಯಾವುದೆಂದು ತಿಳಿಯುವುದಕ್ಕೆ ದಾರಿ ಇರಲಿಲ್ಲ.

"ನಾವು ರಸ್ತೆ ಮಾಡೋಕೆ ಬಂದಿದ್ದೀವಿ ಅಜ್ಜಿ" ಎಂದೆ.

"ಅಂಗೇ ಏಳ್ತಾರೆ. ಮೊದ್ಲು ಒಂದ್ಸಲ ಇಂಗೇ ನಗ್ತಾ ನಗ್ತಾ ಬಂದು, ಸ್ಕೂಲು ಕಟ್ತೀವಿ ಅಂತ ಸರಪಣಿ ಆಕಿ ಜಮೀನು ಅಳ್ದುಕೊಂಡೋದ್ರು. ನಮ್ಮ ಕೆಳ್ಗಿನ ಒಲ ಈಗ ಪೀಣ್ಯದೋರ ಶೆಡ್ಡು." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಯಾವ ಜನ?"

ಹೇಳಿದೆ. ಅವರ ಹುಬ್ಬು ಇನ್ನಷ್ಟು ಗಂಟಿಕ್ಕಿತು. "ಓ, ಅಂಗಾರೆ ಜಾತಿ ಕೆಡ್ಸಾಕೂ ಬಂದಿದೀರ?"

ನನಗೆ ಅಳು ಬರುವಂತಾಯಿತು. ಅಲ್ಲಿಂದ ಓಡಿಬಿಡಬೇಕು ಅನ್ನಿಸಿತು. ಆದರೆ ಹಗ್ಗ ಬೇಕಿತ್ತು. ಗೌರಜ್ಜಿ ಒಂದು ಹಿಡಿ ರಾಗಿ ನನ್ನ ಕೈಗೆ ಸುರಿದು, "ನಿನ್ನ ದ್ಯಾವ್ರ ಮ್ಯಾಲೆ ಆಣೆ ಇಕ್ಕು. ಆಪ್ರೇಷನ್ ಗೀಪ್ರೇಷನ್ ಏನೂ ಇಲ್ಲ ಅಂತ ಯೋಳು" ಎಂದರು.

"ನಮ್ಮಪ್ಪ ಆಣೆ ಇಡಬಾರ್ದು ಅಂತ ಕಲ್ಸಿದ್ದಾರೆ ಅಜ್ಜಿ. ಬಾಯಲ್ಲಿ ಹೇಳಿದ್ಮೇಲೆ ಅಷ್ಟೇ ಸಾಕು. ಅಂಥದ್ದು ಏನೂ ಇಲ್ಲ. ಇಲ್ಲ ಅಂದ್ರೆ ಇಲ್ಲ."

ಅವರು ನಂಬಿದರು ಎನ್ನಲಾರೆ. ನನ್ನ ಕೈಯ ರಾಗಿಯನ್ನು ಮೊರಕ್ಕೆ ಸುರಿಸಿಕೊಂಡರು. ಆಮೇಲೆ ಮನೆಯ ಕಡೆ ತಿರುಗಿ, "ಕೆಂಪಾ, ಹಗ್ಗ ತಂದ್ಕೊಡ್ಲಾ" ಎಂದು ಕೂಗಿದರು. ಹಗ್ಗ ತಂದವನು ಹುಣಸೆಮರದ ಕೆಂಗಣ್ಣಿನ ಮನುಷ್ಯ! ಗೌರಜ್ಜಿಯ ಮಗ ಕೆಂಪಣ್ಣ. ಅವನು ಕುಡಿದಿರಲಿಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಗ್ರೈಂಡಿಂಗ್ ಕೆಲಸ ಮಾಡುತ್ತಿದ್ದನಂತೆ. ಕಿಡಿ ಸಿಡಿದು ಸಿಡಿದು ಕಣ್ಣು ಹಾಗಾಗಿ, ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿದ್ದ.

ಅಲ್ಲಿಂದ ನಿಧಾನವಾಗಿ ಗಾಳಿ ಬದಲಾಯಿತು. ಹುಡುಗರು ನಿಜವಾಗಿಯೂ ಮಣ್ಣು ಹೊರುವುದನ್ನು ಕಂಡ ಮೇಲೆ ಊರಿನ ಕೆಲವರು ಬದುವಿನ ಮೇಲೆ ಬಂದು ಕೂತರು. ಆಮೇಲೆ, "ಅಂಗಲ್ಲ ಕಣ್ರೋ ಗುದ್ಲಿ ಇಡ್ಯೋದು" ಎಂದು ಕೆಳಗಿಳಿದರು. ಕೆಂಪಣ್ಣ ಕಲ್ಲು ಸಾಗಿಸಲು ತನ್ನ ಎತ್ತಿನ ಗಾಡಿ ಕಟ್ಟಿದ. ಅವನ ಹೆಂಡತಿ ಲಕ್ಷ್ಮಮ್ಮ ಒಂದು ಮಧ್ಯಾಹ್ನ ಸೊಗಡವರೆ ಕಾಯಿಯ ಕುಕ್ಕೆಯನ್ನೇ ತಂದು ಶಾಲೆಯ ಜಗಲಿಯ ಮೇಲಿಟ್ಟು ಹೋದಳು. ಆ ವರ್ಷ ಅವಳ ಚೊಚ್ಚಲ ಮಗು ಹೆರಿಗೆಯಲ್ಲೇ ತೀರಿಕೊಂಡಿತ್ತೆಂದು ಆಮೇಲೆ ತಿಳಿಯಿತು. ಗೌರಜ್ಜಿ ಮೊಮ್ಮಗುವಿಗಾಗಿ ಮುನೇಶ್ವರನಿಗೆ ಹರಕೆ ಕಟ್ಟಿದ್ದರು.

ನಾನೂ ಬದಲಾಗುತ್ತಿದ್ದೆ. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೆಲಸ ಹಂಚುವಾಗ ಗಂಟಲು ಕಟ್ಟುವುದು ಕಡಿಮೆಯಾಯಿತು. ನನ್ನನ್ನು ಗೇಲಿ ಮಾಡುತ್ತಿದ್ದ ಹುಡುಗರೇ, "ಈಗೇನ್ ಮಾಡೋದು, ಲೀಡರ್?" ಎಂದು ಬಂದು ಕೇಳುತ್ತಿದ್ದರು. ಒಳಗೊಳಗೇ ಹೆಮ್ಮೆ.

ಶಿಬಿರ ಮುಗಿಯುತ್ತಾ ಬಂದಿತ್ತು. ಒಂದು ದಿನ ತಾಲ್ಲೂಕಿನ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಮೇಷ್ಟ್ರನ್ನು ಕೆರೆ ಏರಿಯ ಕಡೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತನಾಡಿದರು. ಜೀಪು ಹೋದ ಮೇಲೆ ಮೇಷ್ಟ್ರು ನಮ್ಮನ್ನು ಕರೆದು, ಶಿಬಿರದ ಕೊನೆಗೆ ಊರವರಿಗೆ ಕಣ್ಣಿನ ತಪಾಸಣೆ ಇರುತ್ತದೆ, ಆಸ್ಪತ್ರೆಯ ವ್ಯಾನು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆಗೆ ತಂದು ಬಿಡುತ್ತದೆ ಎಂದರು. "ಗಂಡಸರನ್ನ ಮೊದಲು ಒಪ್ಪಿಸಿ" ಎಂದೂ ಹೇಳಿದರು.

ಹೆಂಗಸರಿಗೆ ಕಣ್ಣಿಲ್ಲವೇ ಎಂದು ಅಲ್ಲೇ ಕೇಳಬೇಕಿತ್ತು. ಮನಸ್ಸಿನಲ್ಲಿ ಏನೋ ಚುಚ್ಚಿತು, ನಿಜ. ಮೇಷ್ಟ್ರು ನಮ್ಮ ಮುಖ ನೋಡದೆ ಮಾತನಾಡಿದ್ದೂ ಕಂಡಿತು. ಆದರೆ ರಂಗನಾಥ ಮೇಷ್ಟ್ರ ಮೇಲೆ ಅನುಮಾನ ಪಡುವುದೇ? ಅವರು ನನ್ನನ್ನು ನಂಬಿ ಲೀಡರ್ ಮಾಡಿದವರು. ಚುಚ್ಚಿದ್ದನ್ನು ಬದಿಗೆ ತಳ್ಳಿ ಮನೆಮನೆಗೆ ಹೋದೆ. ಮೊದಲು ಒಪ್ಪಿಸಿದ್ದು ಕೆಂಪಣ್ಣನನ್ನು.

"ಕಣ್ಣಿಗೆ ಮಾತ್ರ ತಾನೇ ಅಕ್ಕಾ?" ಎಂದು ಕೇಳಿದ.

"ಕಣ್ಣಿಗೆ ಮಾತ್ರ ಕಣಣ್ಣ" ಎಂದೆ.

ಅವನು ಒಪ್ಪಿದ್ದನ್ನು ಕಂಡು ಇನ್ನೂ ಕೆಲವರು ಒಪ್ಪಿದರು. ಗೌರಜ್ಜಿ ಮಾತ್ರ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, "ನಿನ್ ಮಾತಿನ ಮ್ಯಾಲೆ ಕಳಿಸ್ತಾ ಇವ್ನಿ ಕಣವ್ವ" ಎಂದರು.

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯ ವ್ಯಾನಿನ ಡ್ರೈವರು ದಾರಿ ನೋಡಿಕೊಂಡು ಹೋಗಲು ಬಂದ. ನಾವು ಮಾಡಿ ಮುಗಿಸಿದ ರಸ್ತೆಯಲ್ಲಿ ಬಂದ ಮೊದಲ ಮೋಟಾರು ಗಾಡಿ ಅದು. ಹುಡುಗರು ಚಪ್ಪಾಳೆ ತಟ್ಟಿದರು. ನಾನೇ ಅವನಿಗೆ ಲೋಟದಲ್ಲಿ ಕಾಫಿ ಕೊಟ್ಟೆ. ಅವನು ಮಡ್‌ಗಾರ್ಡಿಗೆ ಒರಗಿ ಕುಡಿಯುತ್ತಾ, "ನಾಳೆ ಎಷ್ಟ್ ಜನ ಸಿಗ್ತಾರಮ್ಮ?" ಎಂದ.

"ಸುಮಾರು ಜನ ಬರ್ತಾರೆ. ನಿಮ್ಮ ವ್ಯಾನು ತುಂಬುತ್ತೆ."

"ಪರವಾಗಿಲ್ವೇ! ಬೇರೆ ಕಡೆ ಅಟ್ಟಿಸ್ಕೊಂಡ್ ಹೋದ್ರೂ ಒಬ್ರು ಸಿಕ್ತಿಲ್ಲ. ಇಲ್ಲಿ ಅವರೇ ಬಂದು ಹತ್ತೋ ಹಾಗೆ ಮಾಡಿದ್ದೀರಲ್ಲ. ಭೇಷ್. ಆಪರೇಷನ್ ಆದ್ಮೇಲೆ ಒಂದು ದಿನ ಅಲ್ಲೇ ಮಲಗ್ಸಿ ಕಳಿಸ್ತಾರೆ, ಮನೆಯೋರಿಗೆ ಹೇಳಿಬಿಡಿ."

"ಕಣ್ಣಿಗೆ ಆಪರೇಷನ್ನೂ ಮಾಡ್ತಾರಾ?" ಎಂದೆ ಪೆದ್ದಳ ಹಾಗೆ.

ಡ್ರೈವರು ನನ್ನನ್ನು ನೋಡಿದ. ಲೋಟ ನನ್ನ ಕೈಗೆ ಕೊಟ್ಟ. "ನಂಗೇನೂ ಗೊತ್ತಿಲ್ಲಮ್ಮ. ನಾನು ಗಾಡಿ ಓಡ್ಸೋನು" ಎಂದು ಬೇಗ ಬೇಗ ಹತ್ತಿ ಹೊರಟುಹೋದ.

ಒಂದೊಂದೇ ಜೋಡಿಸಿಕೊಳ್ಳುತ್ತಾ ಹೋಯಿತು ಮನಸ್ಸು. ಜೀಪು, ಗಂಡಸರು ಮೊದಲು, ನಮ್ಮನ್ನು ನೋಡದ ಮೇಷ್ಟ್ರ ಕಣ್ಣು. ಆದರೂ ಡ್ರೈವರು ತಪ್ಪು ತಿಳಿದಿರಬಹುದು ಎಂದು ಆಸೆ. ನೇರವಾಗಿ ಮೇಷ್ಟ್ರ ಹತ್ತಿರ ಹೋದೆ. ಅವರು ಶಾಲೆಯ ಹಿಂದೆ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು.

"ಸಾರ್, ನಾಳೆ ವ್ಯಾನು ಬರೋದು ಕಣ್ಣಿಗಾ?"

ಅವರು ಕಲ್ಲಿನ ಮೇಲಿಂದ ಎದ್ದು ನಿಂತರು. ಆಮೇಲೆ ಹೇಳಿದರು. ತಮ್ಮಂಥವರಿಗೆಲ್ಲ ಇಷ್ಟು ಜನರನ್ನು ಆಪರೇಷನ್ನಿಗೆ ಕರೆತರಬೇಕೆಂದು ಮೇಲಿನಿಂದ ಒತ್ತಡವಿದೆ, ತರದಿದ್ದವರ ಸಂಬಳ ತಡೆಹಿಡಿಯುತ್ತಿದ್ದಾರೆ, ದೂರ ಎತ್ತಿ ಹಾಕುತ್ತಿದ್ದಾರೆ ಎಂದರು. "ಅಲ್ಲಿ ಹೋದ ಮೇಲೆ ಡಾಕ್ಟ್ರು ತಿಳಿಸಿ ಹೇಳ್ತಾರೆ. ಇಷ್ಟ ಇದ್ದವರಿಗೆ ಮಾತ್ರ ಮಾಡ್ತಾರೆ ಅಂತ ಸಾಹೇಬರು ಮಾತು ಕೊಟ್ಟಿದ್ದಾರೆ."

"ಹಾಗಿದ್ರೆ ಇಲ್ಲೇ ಹೇಳಿ ಕರ್ಕೊಂಡು ಹೋಗೋಣ ಸಾರ್."

"ಹೇಳಿದ್ರೆ ಒಬ್ರೂ ಬರೋದಿಲ್ಲ."

"ಕೆಂಪಣ್ಣನಿಗೆ ಮಗು ಇಲ್ಲ ಸಾರ್."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ನನಗೂ ಮನೆ ಇದೆ ಕರುಣಾ. ನಿಮ್ಮ ತಂದೆಯೂ ಸರ್ಕಾರಿ ಕಾರ್ಖಾನೆಯಲ್ಲಿದ್ದಾರಲ್ವಾ? ಕಾಲ ಸರಿಯಿಲ್ಲ. ಯೋಚನೆ ಮಾಡು."

ಅದು ಬುದ್ಧಿಮಾತೋ ಬೆದರಿಕೆಯೋ ನನಗೆ ತಿಳಿಯಲಿಲ್ಲ. ಅಲ್ಲಿಂದಾಚೆ ಎಲ್ಲರ ಮೇಲೂ ಅನುಮಾನ. ಶಿಬಿರದಲ್ಲಿ ಅಡಿಗೆ ಮಾಡುತ್ತಿದ್ದವನು ನನ್ನನ್ನು ನೋಡಿದರೆ ಇವನಿಗೂ ಗೊತ್ತಿರಬೇಕು ಅನ್ನಿಸುತ್ತಿತ್ತು. ಜೊತೆಯ ಹುಡುಗರು ನಕ್ಕರೆ ನನಗೊಬ್ಬಳಿಗೇ ಗೊತ್ತಿರಲಿಲ್ಲವೇನೋ ಅನ್ನಿಸುತ್ತಿತ್ತು. ನನ್ನನ್ನು ಲೀಡರ್ ಮಾಡಿದ್ದೂ ಇದಕ್ಕೇ ಇರಬಹುದೇ? ಮೆದು ಮಾತಿನ ಹುಡುಗಿ, ಮನೆಮನೆಗೆ ಹೋಗಿ ಒಪ್ಪಿಸುತ್ತಾಳೆ, ಎದುರು ಪ್ರಶ್ನೆ ಕೇಳುವುದಿಲ್ಲ ಎಂದು? ಆ ಯೋಚನೆ ಬಂದಾಗ ಆದ ನೋವನ್ನು ಹೇಗೆ ಹೇಳಲಿ.

ವಿಮಲಳಿಗೆ ಮಾತ್ರ ಹೇಳಿದೆ. ಅವಳು ಗಾಬರಿಯಾದಳು. "ಸುಮ್ನಿರೇ ತಾಯಿ. ಪೊಲೀಸು ಗಿಲೀಸು ಅಂತ ಆದ್ರೆ ನಮ್ಮಪ್ಪ ನನ್ನ ಕಾಲೇಜು ಬಿಡಿಸ್ತಾರೆ. ನಾಳೆ ನಾವು ಹೋಗೇ ಹೋಗ್ತೀವಿ. ಆಮೇಲೆ ಯಾರು ಕೇಳ್ತಾರೆ?"

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಪ್ಪನ ಕೆಲಸ ಹೋದರೆ ಬಾಗಲಗುಂಟೆಯ ಆ ಒಂದು ಕೋಣೆಯ ಮನೆಗೂ ಬಾಡಿಗೆ ಇಲ್ಲ. ಹೋಗಿ ಅಪ್ಪನನ್ನೇ ಕೇಳೋಣವೆಂದರೆ ಸಂಜೆಯ ರೈಲು ಹೊರಟುಹೋಗಿತ್ತು.

ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕೆರೆ ಏರಿಯ ಮೇಲೆ ಹೋಗಿ ಕೂತೆ. ಮಂಜಿನಲ್ಲಿ ಕೆರೆಯೇ ಕಾಣುತ್ತಿರಲಿಲ್ಲ. ಪ್ರಾರ್ಥನೆ ಮಾಡಬೇಕೆಂದು ಕಣ್ಣು ಮುಚ್ಚಿದೆ. ಮನಸ್ಸಿನೊಳಗೆ ಒಂದು ಮಾತೂ ಹೊರಡಲಿಲ್ಲ. ಆಗ ಬಾಯಿಬಿಟ್ಟೇ ಹೇಳಿದೆ. "ತಂದೆಯೇ, ನನಗೆ ಭಯ ಆಗ್ತಿದೆ. ನಾನು ಹೇಳಿದ ಮಾತು ಸುಳ್ಳಾಗಿದೆ. ಅಪ್ಪನ್ನ ಕಾಪಾಡು. ನನ್ನನ್ನ ಅಲ್ಲಿಯವರೆಗೆ ನಡೆಸು, ಅಷ್ಟು ಸಾಕು." ಜೀವನದಲ್ಲಿ ಮೊದಲ ಸಲ ನನ್ನ ಪ್ರಾರ್ಥನೆಯನ್ನು ನನ್ನ ಕಿವಿಯೇ ಕೇಳಿತು. ಆಕಾಶವಾಣಿ ಏನೂ ಆಗಲಿಲ್ಲ. ಭಯವೂ ಹೋಗಲಿಲ್ಲ. ಆದರೆ ಎದ್ದು ನಿಂತಾಗ ಕಾಲು ಶಾಲೆಯ ಕಡೆ ತಿರುಗಲಿಲ್ಲ, ಊರಿನ ಕಡೆ ತಿರುಗಿತು.

ಗೌರಜ್ಜಿ ಕಣದಲ್ಲಿ ಸಗಣಿ ನೀರು ಚಿಮುಕಿಸುತ್ತಿದ್ದರು. "ಅಜ್ಜಿ, ಅವತ್ತು ನಾನು ಇಲ್ಲ ಅಂದಿದ್ನಲ್ಲ, ಆ ಮಾತನ್ನ ವಾಪಸು ತಗೊಳ್ಳೋಕೆ ಬಂದಿದ್ದೀನಿ" ಎಂದೆ. ಎಲ್ಲವನ್ನೂ ಹೇಳಿದೆ. "ಇವತ್ತು ಬರೋ ವ್ಯಾನು ಆಪರೇಷನ್ನಿಂದು. ಬೇಕು ಅನ್ನೋರು ಹೋಗ್ಲಿ, ಅದು ಅವರಿಷ್ಟ. ಕಣ್ಣಿಗೆ ಅಂತ ನಂಬಿ ಮಾತ್ರ ಯಾರೂ ಹತ್ತಬೇಡಿ."

ಅವರು ಅಪ್ಪಿಕೊಳ್ಳುತ್ತಾರೆ, ಕೈ ಮುಗಿಯುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಆದರೂ ಅವರು ಹಾಗೆ ನೋಡುತ್ತಾರೆಂದೂ ಎಣಿಸಿರಲಿಲ್ಲ.

"ಅವತ್ತು ಇಲ್ಲ ಅಂದೆ. ಇವತ್ತು ಐತೆ ಅಂತೀಯ. ಇದ್ರಾಗೇನು ಮಸಲತ್ತು ಐತೆ? ಗಂಡಸ್ರು ಒಲದ ಕಡೆ ಓದ್ರೆ ಅಲ್ಲಿ ಪೋಲೀಸ್ನೋರು ಕಾಯ್ತಾ ಅವ್ರಾ?"

"ಇಲ್ಲ ಅಜ್ಜಿ."

"ಮತ್ತೆ ನೀನ್ಯಾಕೆ ಯೋಳ್ತಾ ಇದೀಯ? ನಿಂಗೇನ್ ಲಾಭ?"

"ಲಾಭ ಏನಿಲ್ಲ. ತೊಂದ್ರೆನೇ ಆಗಬಹುದು. ನೀವು ನನ್ನ ಮಾತಿನ ಮೇಲೆ ಮಗನ್ನ ಕಳಿಸ್ತಾ ಇದ್ದೀರ ಅಂದ್ರಲ್ಲ, ಅದಕ್ಕೆ."

ಬಾಗಿಲಲ್ಲಿ ಲಕ್ಷ್ಮಮ್ಮ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೂಡಲೇ ಒಳಗೆ ಹೋಗಿ ಗಂಡನನ್ನು ಎಬ್ಬಿಸಿದಳು. ಗೌರಜ್ಜಿ, "ಓಗು, ಯಾರಾನ ನೋಡ್ಯಾರು" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದರು. ಅವರು ನನ್ನನ್ನು ನಂಬಿದರೋ ಇಲ್ಲವೋ ತಿಳಿಯದೆಯೇ ಶಾಲೆಗೆ ಹಿಂತಿರುಗಿದೆ.

ಬಿಸಿಲೇರುವ ಹೊತ್ತಿಗೆ ವ್ಯಾನು ಬಂತು. ಅದರ ಹಿಂದೆಯೇ ಸಾಹೇಬರ ಜೀಪು, ಜೊತೆಗೆ ಇಬ್ಬರು ಪೊಲೀಸಿನವರು. ಊರ ಬೀದಿಯಲ್ಲಿ ಹೆಂಗಸರು ತಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕೋಲೂರುವ ಒಂದಿಬ್ಬರು ಮುದುಕರನ್ನು ಬಿಟ್ಟರೆ ಊರಲ್ಲಿ ಗಂಡಸೆಂಬ ಪ್ರಾಣಿ ಇಲ್ಲ.

"ಎಲ್ಲಿ ನಿಮ್ಮ ಗಂಡಸರು?" ಎಂದು ಸಾಹೇಬರು ಗುಡುಗಿದರು.

ಗೌರಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, "ಮುನೇಸ್ವರನ ಸೇವೆಗೆ ಓಗವ್ರೆ ಬುದ್ದಿ" ಎಂದರು.

"ಎಲ್ಲಿದೆ ಆ ಮುನೇಶ್ವರನ ಗುಡಿ?"

"ಗುಡಿ ಎಲ್ಲೈತೆ ಬುದ್ದಿ, ಅವ್ನು ಎಲ್ಲಾ ಕಡೆ ಅವ್ನೆ. ಗಂಡಸ್ರು ಯಾವ ದಿಕ್ಕಿಗೆ ಓದ್ರೋ ನಾನೇನ್ ಕಂಡೆ?"

ಅವರೆಕಾಯಿ ಸುಲಿಯುತ್ತಿದ್ದ ಒಬ್ಬಳು ಕಿಸಕ್ಕೆಂದು ನಕ್ಕಳು. ಸಾಹೇಬರ ಮುಖ ಕೆಂಪಾಯಿತು. ಅವರು ನಮ್ಮ ಕಡೆ ತಿರುಗಿದರು. "ಯಾರು ಇಲ್ಲಿ ಸ್ಟೂಡೆಂಟ್ ಲೀಡರು?"

ಹುಡುಗರೆಲ್ಲ ನನ್ನನ್ನು ನೋಡಿದರು. ಹಿಂದೆ ನಿಂತಿದ್ದ ವಿಮಲ ನನ್ನ ಸೆರಗು ಹಿಡಿದು ಎಳೆದಳು. ನಾನು ಮುಂದೆ ಬಂದೆ.

"ನೀನು ಇವರಿಗೆ ಏನಾದ್ರೂ ಹೇಳಿದ್ಯಾ?"

ಸಾಹೇಬರ ಬೆನ್ನ ಹಿಂದೆ ಗೌರಜ್ಜಿ ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಇಲ್ಲ ಅನ್ನು, ಇಲ್ಲ ಅನ್ನು ಎಂದು. ಒಂದೇ ಒಂದು 'ಇಲ್ಲ' ಸಾಕಿತ್ತು. ಅಪ್ಪನ ಮುಖ ಕಣ್ಣ ಮುಂದೆ ಬಂತು.

"ಹೌದು ಸಾರ್. ಹೇಳ್ದೆ."

"ಏನಂತ?"

"ಈ ವ್ಯಾನು ಕಣ್ಣಿನ ತಪಾಸಣೆಗಲ್ಲ, ಆಪರೇಷನ್ನಿಗೆ ಅಂತ. ಇಷ್ಟ ಇದ್ದವರು ಮಾತ್ರ ಹತ್ತಿ ಅಂತ."

ನನ್ನ ದನಿ ನಡುಗಿತ್ತು. ಆದರೆ ಬೀದಿಯ ಕೊನೆಯವರೆಗೆ ಕೇಳಿಸಿತ್ತು.

"ಯಾವ ಪಾರ್ಟಿಯವಳು ನೀನು? ಯಾರು ಹೇಳ್ಕೊಟ್ಟು ಕಳ್ಸಿದ್ದು?" ಅವರು ಒಬ್ಬ ಪೊಲೀಸಿನವನಿಗೆ ಕೈಸನ್ನೆ ಮಾಡಿದರು. "ಹೆಸರು, ಅಪ್ಪನ ಹೆಸರು, ಎಲ್ಲಾ ಕೇಳಿ ಜೀಪು ಹತ್ತಿಸ್ರೀ."

ಆಗ ಗುಂಪಿನ ಹಿಂದಿನಿಂದ ಒಂದು ಸೀನು ಕೇಳಿಸಿತು. ರಂಗನಾಥ ಮೇಷ್ಟ್ರು ಕರವಸ್ತ್ರ ಜೇಬಿಗಿಟ್ಟುಕೊಂಡು ಮುಂದೆ ಬಂದರು.

"ಅವಳನ್ನ ಬಿಡಿ ಸಾರ್. ಅವಳು ನನ್ನ ಸ್ಟೂಡೆಂಟು. ನಾನು ಹೇಳು ಅಂದಿದ್ದನ್ನ ಹೇಳಿದ್ದಾಳೆ."

ನಾನು ಬೆಚ್ಚಿಬಿದ್ದೆ. "ಸಾರ್, ನೀವು..." ಎಂದು ಬಾಯಿ ತೆರೆದೆ.

"ಕರುಣಾ!" ಮೇಷ್ಟ್ರು ಗದರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನೀನು ಹೋಗಿ ಹುಡುಗಿಯರ ಸಾಮಾನು ಕಟ್ಟಿಸು. ಹೋಗು ಅಂದೆ."

ನಾನು ಕದಲಲಿಲ್ಲ. ಸಾಹೇಬರು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. ಲೆಕ್ಚರರ್ ಒಬ್ಬರು ಊರವರೆಲ್ಲರ ಎದುರು ಹೀಗೆ ಒಪ್ಪಿಕೊಂಡದ್ದು ಅವರಿಗೂ ಇಕ್ಕಟ್ಟಾಯಿತೋ ಏನೋ. "ನಿಮ್ಮ ವಿಚಾರ ಎಲ್ಲಿಗೆ ತಲುಪಿಸಬೇಕೋ ಅಲ್ಲಿಗೆ ತಲುಪಿಸ್ತೀನಿ" ಎಂದು ಮೇಷ್ಟ್ರಿಗೆ ಬೆರಳು ತೋರಿಸಿ ಜೀಪು ಹತ್ತಿದರು. ವ್ಯಾನು ಖಾಲಿಯಾಗಿ ತಿರುಗಿಕೊಂಡು, ನಾವೇ ಹಾಕಿದ ರಸ್ತೆಯಲ್ಲಿ ಕುಲುಕುತ್ತಾ ಹೋಯಿತು.

ಅಂದು ಮಧ್ಯಾಹ್ನ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಮೇಷ್ಟ್ರ ಪಕ್ಕದಲ್ಲಿ ಹೋಗಿ ನಿಂತೆ. ಬೆಳಿಗ್ಗೆಯವರೆಗೆ ಅವರ ಮೇಲೆ ನನಗಿದ್ದ ಸಿಟ್ಟಿಗೆ ಈಗ ಎಲ್ಲಿ ಜಾಗವೆಂದು ತಿಳಿಯುತ್ತಿರಲಿಲ್ಲ. "ಯಾಕೆ ಹಾಗೆ ಹೇಳಿದ್ರಿ ಸಾರ್?" ಎಂದೆ.

"ಊರವರಿಗೆ ಹೇಳೋ ಧೈರ್ಯ ನನಗಿರಲಿಲ್ಲ" ಎಂದರು. "ನೀನು ಹೇಳಿಯಾದ ಮೇಲೆ, ಹೌದು ಅನ್ನೋ ಅಷ್ಟು ಮಾತ್ರ ಬಂತು."

ಆ ಶೈಕ್ಷಣಿಕ ವರ್ಷ ಮುಗಿಯುವ ಮೊದಲೇ ಅವರಿಗೆ ದೂರದ ಊರಿಗೆ ವರ್ಗವಾಯಿತು. ಬೀಳ್ಕೊಡುಗೆಯೂ ಇರಲಿಲ್ಲ. ಅಪ್ಪನನ್ನು ಕಾರ್ಖಾನೆಯ ಭದ್ರತಾ ಅಧಿಕಾರಿ ಕರೆಸಿ ಮಗಳ ವಿಚಾರ ಕೇಳಿದರಂತೆ. "ಹುಡುಗಿ ಸುಳ್ಳು ಹೇಳೋದಿಲ್ಲ, ಅದೊಂದು ತೊಂದರೆ ಇದೆ ಸಾರ್" ಎಂದು ಅಪ್ಪ ಹೇಳಿದ್ದನ್ನು ಅಮ್ಮ ಎಷ್ಟೋ ದಿನ ಹೇಳಿಕೊಂಡು ನಗುತ್ತಿದ್ದರು, ಅಳುತ್ತಲೂ ಇದ್ದರು. ಕೆಲಸ ಉಳಿಯಿತು. ೧೯೭೭ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿಯೇ ಮುಗಿಯಿತು.

ಶಿಬಿರದಿಂದ ಬಂದ ಮೊದಲ ಭಾನುವಾರವೇ ಪ್ರಾರ್ಥನೆ ಮುಗಿಸಿ ನಾನೂ ಅಪ್ಪನೂ ಆ ಊರಿಗೆ ಹೋದೆವು. ನಾನು ಕೆಂಪಣ್ಣನಿಗೆ ಕಣ್ಣು ತೋರಿಸುತ್ತೇನೆಂದು ಹೇಳಿದ್ದೆನಲ್ಲ, ಆ ಮಾತು ಬಾಕಿಯಿತ್ತು. ಮರುದಿನ ಅಪ್ಪ ರಜೆ ಹಾಕಿ, ನನ್ನ ಜೊತೆ ಮತ್ತೆ ಬಂದು ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊರಡುವಾಗ ಗೌರಜ್ಜಿ ಅಪ್ಪನನ್ನು ಬಾಗಿಲಲ್ಲಿ ತಡೆದು, ಯಾವ ಆಸ್ಪತ್ರೆ, ಯಾವ ಬಸ್ಸು, ಯಾವಾಗ ವಾಪಸು ಎಂದು ಪೊಲೀಸರಿಗಿಂತ ಹೆಚ್ಚಾಗಿ ವಿಚಾರಿಸಿದರು. ಸೊಸೆಯನ್ನೂ ಜೊತೆಗೆ ಕಳಿಸಿದರು. ಕಣ್ಣಿನೊಳಗೆ ಸೇರಿಕೊಂಡಿದ್ದ ಕಬ್ಬಿಣದ ಚೂರನ್ನು ವೈದ್ಯರು ತೆಗೆದರು. ಮುಂದೆ ಒಂದು ಕಣ್ಣು ಪೂರ್ತಿ ಸರಿಹೋಯಿತು, ಇನ್ನೊಂದರಲ್ಲಿ ಮಸುಕು ಉಳಿಯಿತು.

ಆಸ್ಪತ್ರೆಯಿಂದ ಅವನು ಅಂದು ಸಂಜೆ ಮನೆಗೆ ಬಂದು ಕೂತ ಮೇಲೆ ಗೌರಜ್ಜಿ ನನಗೆ ಹೇಳಿದರು: "ನೀನು ಇಲ್ಲ ಅಂದಾಗ ನಾನು ಪೂರಾ ನಂಬಿರ್ಲಿಲ್ಲ ಕಣವ್ವ. ತಪ್ಪಾಯ್ತು, ಮಾತು ವಾಪಸು ಕೊಡು ಅಂತ ಬಂದೆ ನೋಡು, ಆಗ ನಂಬ್ದೆ. ಬಾಯಾಗೆ ಮಾತ್ರ ಬಯ್ತಿದ್ದೆ."

ನಾನು ಮುಂದೆ ಓದು ಮುಗಿಸಿ ಪೀಣ್ಯದ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳುವ ಶಾಲೆಯಲ್ಲಿ ಟೀಚರಾದೆ. ಅಲ್ಲಿಗೆ ಬರುವ ತಾಯಂದಿರಲ್ಲಿ ಕೆಲವರು ಏನು ಹೇಳಿದರೂ ಬೇಗ ನಂಬುತ್ತಿರಲಿಲ್ಲ. ಲಸಿಕೆಯೆಂದರೆ ಯಾಕೆ, ಪ್ರವಾಸವೆಂದರೆ ಎಲ್ಲಿಗೆ, ಯಾರು ಜೊತೆಗೆ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಸಹೋದ್ಯೋಗಿಗಳು ಸಿಡುಕುತ್ತಿದ್ದರು. ನನಗೆ ಸಿಟ್ಟು ಬರುತ್ತಿರಲಿಲ್ಲ. ಅನುಮಾನ ಪಡುವವರು ಎಲ್ಲೋ ಏನೋ ಕಂಡಿರುತ್ತಾರೆ. ಒಂದು ಕುರ್ಚಿ ಎಳೆದು ಅವರನ್ನು ಕೂರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದೆ. ನನಗೆ ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲಮ್ಮ, ವಿಚಾರಿಸಿ ಹೇಳ್ತೀನಿ" ಎನ್ನುತ್ತಿದ್ದೆ. ಆಮೇಲೆ ನಿಜವಾಗಿಯೂ ಹೋಗಿ ವಿಚಾರಿಸುತ್ತಿದ್ದೆ.